ತಾಲೀಮಿನ ಅಂಗಿ ಮತ್ತು ಅಭಿಮಾನಿಯ ಮತ

ಯುರೋಪಿನ ಫುಟ್‌ಬಾಲ್ ಲೋಕದಲ್ಲಿ ಪ್ರತಿವರ್ಷ ಬೇಸಿಗೆಯ ಹೊತ್ತಿಗೆ ತಪ್ಪದೆ ಏಳುವ ಚರ್ಚೆಯೊಂದಿದೆ. ಹೊಸ ಋತುವಿಗೆಂದು ಕ್ಲಬ್ಬುಗಳು ಹೊಸ ಉಡುಪು ಬಿಡುಗಡೆ ಮಾಡುತ್ತವೆ; ಅಭಿಮಾನಿಗಳು ಅದನ್ನು ಹೊಗಳುತ್ತಾರೆ, ಇಲ್ಲವೆ ಹೀಗಳೆಯುತ್ತಾರೆ. ಪಂದ್ಯದ ದಿನ ಆಟಗಾರರು ತೊಡುವ ಅಂಗಿಯ ಬಗ್ಗೆ ಇಂಥ ಮಾತುಕತೆ ನಡೆದರೆ ಅಚ್ಚರಿಯಿಲ್ಲ. ಆದರೆ ವಾರದ ಉಳಿದ ದಿನಗಳಲ್ಲಿ ಅಭ್ಯಾಸಕ್ಕೆಂದು ತೊಡುವ ತಾಲೀಮಿನ ಅಂಗಿ, ಮೇಲಂಗಿಗಳ ಬಗ್ಗೆಯೂ ಅಷ್ಟೇ ಕಾವಿನ ವಾದಗಳು ನಡೆಯುತ್ತವೆ. ಬಣ್ಣ ಮಂಕಾಗಿದೆ, ಎದುರಾಳಿ ಕ್ಲಬ್ಬಿನ ಛಾಯೆ ಇಣುಕುತ್ತಿದೆ, ಪ್ರಾಯೋಜಕರ ಹೆಸರು ಕ್ಲಬ್ಬಿನ ಲಾಂಛನಕ್ಕಿಂತ ದೊಡ್ಡದಾಗಿದೆ ಎಂದು ದೂರುಗಳ ಪಟ್ಟಿ ಬೆಳೆಯುತ್ತದೆ. ಬೆವರಿಗೆ ಒದ್ದೆಯಾಗುವ ಬಟ್ಟೆಯ ಬಗ್ಗೆಯೂ ಇಷ್ಟೊಂದು ರಾದ್ಧಾಂತವೇ ಎಂದು ಹೊರಗಿನವರು ನಗುತ್ತಾರೆ.

ನಗುವಂಥದ್ದು ಇದರಲ್ಲಿ ಇಲ್ಲವೆಂದಲ್ಲ. ಆದರೆ ಈ ಜಗಳದ ಒಳಗೆ ನಗುವಿಗಿಂತ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ ಎಂಬುದು ನನ್ನ ಅನಿಸಿಕೆ. ಕ್ಲಬ್ಬಿನ ಷೇರುಗಳು ಅಭಿಮಾನಿಯ ಬಳಿ ಇಲ್ಲ. ಆಟಗಾರರನ್ನು ಕೊಳ್ಳುವಾಗ, ತರಬೇತುದಾರನನ್ನು ಕಿತ್ತುಹಾಕುವಾಗ ಅವನನ್ನು ಯಾರೂ ಕೇಳುವುದಿಲ್ಲ. ಕ್ಲಬ್ಬಿನ ಯಾವುದಾದರೊಂದು ನಿರ್ಧಾರ ಅವನ ಮೈಮೇಲೆ ಬಂದು ಕೂರುತ್ತದೆ ಎಂದಾದರೆ ಅದು ಅಂಗಿಯ ನಿರ್ಧಾರ ಮಾತ್ರ. ಬೇರೆಲ್ಲೂ ಸಿಗದ ಮತದಾನದ ಹಕ್ಕನ್ನು ಅವನು ಅಲ್ಲಿ ಚಲಾಯಿಸುತ್ತಾನೆ.

ಅಂಗಿ ಮಾರಾಟದ ಸರಕಾದದ್ದು ತೀರಾ ಹಳೆಯ ಸಂಗತಿಯೇನಲ್ಲ. ಹಿಂದೆ ಇಂಗ್ಲೆಂಡಿನ ಅಭಿಮಾನಿ ಮೈದಾನಕ್ಕೆ ಬರುತ್ತಿದ್ದುದು ತನ್ನ ಮಾಮೂಲಿ ಕೋಟು ತೊಟ್ಟು, ಕೊರಳಿಗೆ ಕ್ಲಬ್ಬಿನ ಬಣ್ಣದ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡು. 1970ರ ದಶಕದಲ್ಲಿ ಲೀಡ್ಸ್ ಯುನೈಟೆಡ್ ಕ್ಲಬ್ ಅಡ್ಮಿರಲ್ ಎಂಬ ಉಡುಪು ಕಂಪನಿಯೊಡನೆ ಕೈಜೋಡಿಸಿದ ಮೇಲೆ, ಆಟಗಾರರು ತೊಡುವಂಥದೇ ಅಂಗಿಯನ್ನು ಅಂಗಡಿಯಲ್ಲಿಟ್ಟು ಮಾರುವ ಪದ್ಧತಿ ಬೇರೂರಿತು. 1979ರಲ್ಲಿ ಲಿವರ್‌ಪೂಲ್ ಆಟಗಾರರ ಎದೆಯ ಮೇಲೆ ಹಿಟಾಚಿ ಕಂಪನಿಯ ಹೆಸರು ಬಂತು. ಪಂದ್ಯದ ಅಂಗಿಯ ಮೇಲೆ ಜಾಗ ತುಂಬಿದ ಬಳಿಕ ವ್ಯಾಪಾರದ ಕಣ್ಣು ಬಿದ್ದದ್ದು ತಾಲೀಮಿನ ಅಂಗಿಯ ಮೇಲೆ. 2011ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ತಾಲೀಮಿನ ಉಡುಪನ್ನು ಸರಕು ಸಾಗಣೆಯ ಡಿಎಚ್‌ಎಲ್ ಕಂಪನಿಗೆ ಒಪ್ಪಿಸಿತು. ನಾಲ್ಕು ವರ್ಷದ ಆ ಒಪ್ಪಂದದ ಮೊತ್ತ 4 ಕೋಟಿ ಪೌಂಡ್ ಎಂದು ವರದಿಯಾಗಿತ್ತು. ಅಭ್ಯಾಸದ ಬಟ್ಟೆಗೆ ಇಷ್ಟು ಬೆಲೆಯೇ ಎಂದು ಜನ ಹುಬ್ಬೇರಿಸಿದರು. ಅವಧಿ ಮುಗಿಯುವ ಮೊದಲೇ ಕ್ಲಬ್ ಆ ಒಪ್ಪಂದವನ್ನು ತಾನೇ ಹಿಂದಕ್ಕೆ ಕೊಂಡುಕೊಂಡಿತು. 2013ರಲ್ಲಿ ಏಯಾನ್ ಎಂಬ ವಿಮಾ ಸಂಸ್ಥೆಯೊಡನೆ ಎಂಟು ವರ್ಷಗಳ ಹೊಸ ಒಪ್ಪಂದಕ್ಕೆ ಸಹಿ ಹಾಕಿತು. ಅಂಗಿಯ ಜೊತೆಗೆ ಕ್ಯಾರಿಂಗ್‌ಟನ್‌ನಲ್ಲಿರುವ ತಾಲೀಮಿನ ಮೈದಾನಕ್ಕೂ ಆ ಸಂಸ್ಥೆಯ ಹೆಸರು ಬಂತು.

ಈ ಲೆಕ್ಕಾಚಾರದ ಗುಟ್ಟು ಸರಳವಾಗಿದೆ. ಆಟಗಾರ ಪಂದ್ಯದ ಅಂಗಿಯಲ್ಲಿ ಕಾಣಿಸಿಕೊಳ್ಳುವುದು ವಾರಕ್ಕೆ ಒಂದೆರಡು ಬಾರಿ, ತೊಂಬತ್ತು ನಿಮಿಷ. ಅಭ್ಯಾಸದ ಚಿತ್ರಗಳು, ಗಾಯಾಳುಗಳ ಸುದ್ದಿ, ಪಂದ್ಯಕ್ಕೆ ಮುಂಚಿನ ಕಸರತ್ತು ಇವುಗಳಲ್ಲೆಲ್ಲ ಕಾಣುವುದು ತಾಲೀಮಿನ ಅಂಗಿಯೇ. ಅಭಿಮಾನಿಯ ಲೆಕ್ಕವೂ ಇದಕ್ಕೆ ಹತ್ತಿರದ್ದು. ಪಂದ್ಯದ ಅಂಗಿಯನ್ನು ಅವನು ಪಂದ್ಯದ ದಿನಕ್ಕೆಂದು ಎತ್ತಿಡುತ್ತಾನೆ; ತಾಲೀಮಿನ ಅಂಗಿಯನ್ನು ವಾಯುವಿಹಾರಕ್ಕೆ, ಸಂತೆಗೆ, ಮಗುವನ್ನು ಶಾಲೆಗೆ ಬಿಡಲು ತೊಟ್ಟು ಹೋಗುತ್ತಾನೆ. ನಮ್ಮ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರಗಳಂಥ ಫುಟ್‌ಬಾಲ್ ಮೋಹದ ಬಡಾವಣೆಗಳಲ್ಲಿಯೂ ದೂರದ ಊರಿನ ಕ್ಲಬ್ಬುಗಳ ಬಣ್ಣ ತೊಟ್ಟು ಚೆಂಡಿನ ಹಿಂದೆ ಓಡುವ ಹುಡುಗರನ್ನು ನಾನು ಕಂಡಿದ್ದೇನೆ. ಹಬ್ಬದ ಬಟ್ಟೆಗಿಂತ ನಿತ್ಯದ ಬಟ್ಟೆಯೇ ಮನುಷ್ಯನಿಗೆ ಹೆಚ್ಚು ಹತ್ತಿರ.

ಈ ಹತ್ತಿರದ ಸಂಬಂಧ ಯಾವ ರೂಪ ತಾಳಬಲ್ಲದು ಎಂಬುದಕ್ಕೆ 2021ರ ವಸಂತದಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಡೆದದ್ದು ಸಾಕ್ಷಿ. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಕ್ಲಬ್ಬನ್ನು ಕೊಂಡಾಗ, ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿತ್ತು. ಆ ಸಿಟ್ಟು ಅಭಿಮಾನಿಗಳಲ್ಲಿ ಆರಿರಲಿಲ್ಲ. 2010ರಲ್ಲಿ ಅವರು ಪ್ರತಿಭಟನೆಗೆ ಆರಿಸಿಕೊಂಡದ್ದು ಕೂಡ ಬಣ್ಣವನ್ನೇ. 1878ರಲ್ಲಿ ರೈಲ್ವೆ ಕಾರ್ಮಿಕರು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಈ ಕ್ಲಬ್ ಕಟ್ಟಿದ್ದ ಕಾಲದ ಹಸಿರು ಮತ್ತು ಹೊಂಬಣ್ಣದ ಸ್ಕಾರ್ಫ್‌ಗಳನ್ನು ಸಾವಿರಾರು ಜನ ಕೊರಳಿಗೆ ಸುತ್ತಿಕೊಂಡರು. ಇದು ನಿಮಗಿಂತ ಮೊದಲೂ ಇತ್ತು, ನಿಮ್ಮ ನಂತರವೂ ಇರುತ್ತದೆ ಎಂದು ಮಾಲೀಕರಿಗೆ ಹೇಳಲು ಅವರಿಗೆ ಘೋಷಣೆಯೇ ಬೇಕಾಗಲಿಲ್ಲ.

2021ರ ಏಪ್ರಿಲ್ 18ರಂದು ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮದೇ ಪ್ರತ್ಯೇಕ ಸೂಪರ್ ಲೀಗ್ ಕಟ್ಟುವುದಾಗಿ ಸಾರಿದಾಗ ಆ ಸಿಟ್ಟು ಸ್ಫೋಟಿಸಿತು. ಎರಡೇ ದಿನಗಳಲ್ಲಿ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು. ಅಷ್ಟಕ್ಕೇ ಮ್ಯಾಂಚೆಸ್ಟರ್ ತಣ್ಣಗಾಗಲಿಲ್ಲ. ಅಭಿಮಾನಿಗಳ ಗುಂಪೊಂದು ತಾಲೀಮಿನ ಮೈದಾನಕ್ಕೇ ನುಗ್ಗಿತು. ಮೇ 2ರಂದು ಕ್ರೀಡಾಂಗಣದೊಳಗೆ ಜನ ಹೊಕ್ಕ ಕಾರಣ ಲಿವರ್‌ಪೂಲ್ ವಿರುದ್ಧದ ಪಂದ್ಯವನ್ನು ಮುಂದೂಡಬೇಕಾಯಿತು. ಕ್ಲಬ್ಬಿಗೆ ಹಣ ಕೊಡುವ ಕಂಪನಿಗಳ ಸರಕನ್ನು ಕೊಳ್ಳಬಾರದೆಂಬ ಕರೆಯೂ ಹೊರಟಿತು. ಆಗ ಏಯಾನ್ ಒಪ್ಪಂದ ಮುಗಿಯುತ್ತ ಬಂದಿತ್ತು. ಮ್ಯಾಂಚೆಸ್ಟರಿನದೇ ಆದ ದಿ ಹಟ್ ಗ್ರೂಪ್ ಎಂಬ ಸಂಸ್ಥೆ ಹತ್ತು ವರ್ಷಕ್ಕೆ ಸುಮಾರು 20 ಕೋಟಿ ಪೌಂಡ್ ತೆತ್ತು ತಾಲೀಮಿನ ಅಂಗಿಯ ಮೇಲೆ ತನ್ನ ಹೆಸರು ಹಾಕಿಸಲು ಸಿದ್ಧವಾಗಿತ್ತು. ಬಹಿಷ್ಕಾರಕ್ಕೆ ಅಂಜಿ ಆ ಸಂಸ್ಥೆ ಹಿಂದೆ ಸರಿಯಿತೆಂದು ಪತ್ರಿಕೆಗಳು ಬರೆದವು. ಇನ್ನೂ ಹೊಲಿಯದ ಅಂಗಿಯೊಂದನ್ನು ಅಭಿಮಾನಿಗಳು ತಿರಸ್ಕರಿಸಿದ್ದರು. ಅದರ ವಿನ್ಯಾಸ ಹೇಗಿದೆ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ.

ಇದನ್ನು ದೊಡ್ಡ ಗೆಲುವೆಂದು ಬಣ್ಣಿಸಲು ನಾನು ಸಿದ್ಧನಿಲ್ಲ. 2022ರ ಫೆಬ್ರುವರಿಯಲ್ಲಿ ಬ್ಲಾಕ್‌ಚೈನ್ ವ್ಯವಹಾರದ ತೆಜೋಸ್ ಎಂಬ ಹೆಸರು ಅದೇ ಅಂಗಿಯ ಮೇಲೆ ಬಂತು. 2024ರಲ್ಲಿ ಜಿಮ್ ರ್‍ಯಾಟ್‌ಕ್ಲಿಫ್ ಎಂಬ ಉದ್ಯಮಿ ಕಾಲುಭಾಗಕ್ಕಿಂತ ತುಸು ಹೆಚ್ಚು ಷೇರು ಕೊಂಡಾಗಲೂ ಬಹುಪಾಲು ಒಡೆತನ ಗ್ಲೇಜರ್ ಕುಟುಂಬದ ಬಳಿಯೇ ಉಳಿಯಿತು. ಜೇಬಿನ ಮೂಲಕ ಚಲಾಯಿಸುವ ಮತದ ಮಿತಿ ಇದು. ಒಬ್ಬ ಪ್ರಾಯೋಜಕನನ್ನು ಅದು ಓಡಿಸಬಲ್ಲದು. ಮುಂದಿನವನು ಬಾರದಂತೆ ಬಾಗಿಲು ಹಾಕಲಾರದು.

ಕಾರ್ಡಿಫ್ ನಗರದ ಕತೆ ಇನ್ನೂ ಜಟಿಲವಾದದ್ದು. ವೇಲ್ಸ್‌ನ ಈ ಕ್ಲಬ್ ಒಂದು ಶತಮಾನದಿಂದ ನೀಲಿ ಅಂಗಿ ತೊಟ್ಟಿತ್ತು. ‘ನೀಲಿಹಕ್ಕಿಗಳು’ ಎಂಬುದೇ ಅದರ ಅಡ್ಡಹೆಸರು. 1927ರಲ್ಲಿ ಆರ್ಸೆನಲ್ ತಂಡವನ್ನು ಸೋಲಿಸಿ ಎಫ್.ಎ. ಕಪ್ ಗೆದ್ದ ಹಿರಿಮೆ ಅದರದು. 2012ರಲ್ಲಿ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್, ಏಷ್ಯಾದ ಮಾರುಕಟ್ಟೆಗೆ ಹಿಡಿಸಲೆಂದು ಅಂಗಿಯನ್ನು ಕೆಂಪಾಗಿಸಿದರು. ಲಾಂಛನದಲ್ಲಿ ಕೆಂಪು ಡ್ರ್ಯಾಗನ್ ಹಿಗ್ಗಿತು, ನೀಲಿಹಕ್ಕಿ ಕುಗ್ಗಿತು. ಇಲ್ಲಿ ಅಭಿಮಾನಿಗಳ ಅಭಿಪ್ರಾಯ ಒಂದೇ ಆಗಿರಲಿಲ್ಲ. ಸಾಲದಲ್ಲಿರುವ ಕ್ಲಬ್ಬಿಗೆ ಮಾಲೀಕರ ಹಣ ಬೇಕು, ಬಣ್ಣ ಬದಲಾದರೆ ಆಗಲಿ ಎಂದವರು ಹಲವರು. ಆ ಕೆಂಪಂಗಿಯಲ್ಲಿಯೇ ತಂಡ 2013ರಲ್ಲಿ ಎರಡನೆಯ ದರ್ಜೆಯ ಲೀಗ್ ಗೆದ್ದು, 51 ವರ್ಷಗಳ ನಂತರ ಅಗ್ರ ದರ್ಜೆಗೆ ಏರಿತು. ಗೆದ್ದ ಸಂಭ್ರಮದಲ್ಲಿಯೂ ಗ್ಯಾಲರಿಯಲ್ಲಿ ನೀಲಿ ಕಾಣಿಸುತ್ತಲೇ ಇತ್ತು. ಮರುವರ್ಷ ತಂಡ ಕೆಳಗಿಳಿಯಿತು, ಕ್ರೀಡಾಂಗಣ ಖಾಲಿಯಾಗತೊಡಗಿತು. 2015ರ ಜನವರಿಯಲ್ಲಿ ನೀಲಿ ಮರಳಿ ಬಂತು. ಒಗ್ಗಟ್ಟಿನ ಮಹತ್ವದ ಬಗ್ಗೆ ತಮ್ಮ ತಾಯಿ ಆಡಿದ ಮಾತು ಈ ನಿರ್ಧಾರಕ್ಕೆ ಒಂದು ಕಾರಣವೆಂದು ಟಾನ್ ಹೇಳಿಕೊಂಡರು.

ಹಾಗಾದರೆ ಬಣ್ಣ, ಲಾಂಛನ ಎಂದೂ ಬದಲಾಗಕೂಡದೇ? ಹಾಗೆ ವಾದಿಸಿದರೆ ಇತಿಹಾಸವೇ ನಗುತ್ತದೆ. ಇಂದು ಲೀಡ್ಸ್ ಅಭಿಮಾನಿಗಳಿಗೆ ಪವಿತ್ರವಾಗಿರುವ ಬಿಳಿ ಅಂಗಿ 1960ರ ದಶಕದ ಆರಂಭದಲ್ಲಿ ಡಾನ್ ರೆವಿ ಎಂಬ ವ್ಯವಸ್ಥಾಪಕ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು ಮೆಚ್ಚಿ ತಂದದ್ದು. ಅದಕ್ಕೆ ಮುಂಚೆ ಅವರದು ನೀಲಿ ಮತ್ತು ಹೊಂಬಣ್ಣ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು ಬಂದದ್ದೂ 1902ರಲ್ಲಿ ಕ್ಲಬ್ಬಿಗೆ ಹೊಸ ಹೆಸರು ಬಂದಾಗ. ನಿನ್ನೆಯ ಬದಲಾವಣೆಯೇ ಇಂದಿನ ಸಂಪ್ರದಾಯ. ತಕರಾರು ಇರುವುದು ಬದಲಾಯಿಸುವ ಅಧಿಕಾರ ಯಾರದು, ಯಾರನ್ನು ಕೇಳಿ ಬದಲಾಯಿಸಿದರು ಎಂಬ ಬಗ್ಗೆ.

ಕೇಳುವುದರಲ್ಲಿಯೂ ಬಗೆಗಳಿವೆ. ತನ್ನ ಶತಮಾನೋತ್ಸವಕ್ಕೆಂದು ಲೀಡ್ಸ್ ಯುನೈಟೆಡ್ 2018ರ ಜನವರಿಯಲ್ಲಿ ಹೊಸ ಲಾಂಛನ ಪ್ರಕಟಿಸಿತು. ಎದೆಗೆ ಮುಷ್ಟಿ ತಾಗಿಸಿ ವಂದಿಸುವ ಆಕೃತಿ ಅದರಲ್ಲಿತ್ತು. ಆರು ತಿಂಗಳು ಸಮಾಲೋಚಿಸಿದ್ದೇವೆ, 10,000 ಜನರ ಅಭಿಪ್ರಾಯ ಪಡೆದಿದ್ದೇವೆ ಎಂದಿತು ಕ್ಲಬ್. ಕೆಲವೇ ಗಂಟೆಗಳಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಲಾಂಛನ ಮೂಲೆ ಸೇರಿತು. 2021ರಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ತಂಡಕ್ಕೆ ಪೂಮಾ ಕಂಪನಿ ಹೊಲಿದ ಅಂಗಿಯೊಂದರಲ್ಲಿ ಕ್ಲಬ್ಬಿನ ಲಾಂಛನ ಬಟ್ಟೆಯ ಬಣ್ಣದಲ್ಲಿಯೇ ಕರಗಿ ಕಾಣದಂತಾಗಿತ್ತು. ಕಂಪನಿ ಕ್ಷಮೆ ಕೇಳಬೇಕಾಯಿತು. ಪ್ರಶ್ನಾವಳಿ ತುಂಬಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯುವುದು ಕಂಪನಿಗಳ ಹಳೆಯ ಚಾಳಿ. ‘ಇದು ನಿಮಗೆ ಹಿಡಿಸಿತೇ?’ ಎಂದು ಗಿರಾಕಿಯನ್ನು ಕೇಳಬಹುದು, ‘ಇದನ್ನು ಬದಲಾಯಿಸಬಹುದೇ?’ ಎಂದು ಕೇಳಬೇಕಾದದ್ದು ವಾರಸುದಾರನನ್ನು. ಅಭಿಮಾನಿ ಎರಡೂ ಆಗಿರುವುದರಿಂದಲೇ ಈ ಗೊಂದಲ.

ಬ್ರಿಟನ್ನಿನ ಶಾಸನ ಈಗ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 2021ರ ಬಿಕ್ಕಟ್ಟಿನ ನಂತರ ಸಂಸದೆ ಟ್ರೇಸಿ ಕ್ರೌಚ್ ನೇತೃತ್ವದಲ್ಲಿ ನಡೆದ ಪರಾಮರ್ಶೆಯ ಫಲವಾಗಿ, 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಗೆ ಬಂತು. ಇನ್ನು ಮುಂದೆ ಕ್ಲಬ್ಬಿನ ಲಾಂಛನವನ್ನಾಗಲಿ, ತವರಿನ ಅಂಗಿಯ ಮುಖ್ಯ ಬಣ್ಣವನ್ನಾಗಲಿ ಗಣನೀಯವಾಗಿ ಬದಲಾಯಿಸಲು ಹೆಚ್ಚಿನ ಅಭಿಮಾನಿಗಳ ಬೆಂಬಲವಿದೆಯೆಂದು ಕ್ಲಬ್ ಮೊದಲು ಖಚಿತಪಡಿಸಿಕೊಳ್ಳಬೇಕು. ಖಾಸಗಿ ಆಸ್ತಿಯೊಂದರ ಮೇಲೆ ಷೇರಿಲ್ಲದವರಿಗೂ ಹಕ್ಕಿದೆ ಎಂದು ಸಂಸತ್ತೇ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಕಾಯ್ದೆಯ ರಕ್ಷಣೆ ತವರಿನ ಅಂಗಿಗೆ ಮಾತ್ರ. ಹೊರಊರಿನ ಪಂದ್ಯದ ಅಂಗಿ, ತಾಲೀಮಿನ ಅಂಗಿ ಮಾಲೀಕನ ಇಷ್ಟಕ್ಕೆ ಬಿಟ್ಟದ್ದು. ಇದು ತಪ್ಪೆಂದು ನಾನು ಹೇಳಲಾರೆ. ಪ್ರತಿಯೊಂದು ಗುಂಡಿಗೂ ಜನಮತಗಣನೆ ನಡೆಸಲಾಗದು. ಆದರೆ ಕಾನೂನಿನ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ವ್ಯಾಪಾರದ ಮೇವು ಶುರುವಾಗುತ್ತದೆ. ಆದ್ದರಿಂದ ಅಭ್ಯಾಸದ ಬಟ್ಟೆಯ ಬಗ್ಗೆ ಅಭಿಮಾನಿ ಎತ್ತುವ ದನಿ ಇನ್ನು ಮುಂದೆ ಹೆಚ್ಚಾದೀತೇ ಹೊರತು ಕಡಿಮೆಯಾಗದು.

ಇದೆಲ್ಲ ಬಿಳಿಯರ ನಾಡಿನ ಗೊಡವೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 1911ರಲ್ಲಿ ಬರಿಗಾಲಿನ ಆಟಗಾರರು ಬ್ರಿಟಿಷ್ ಸೈನ್ಯದ ತಂಡವನ್ನು ಮಣಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಕೋಲ್ಕತ್ತದ ಮೋಹನ್ ಬಾಗಾನ್, 2020ರಲ್ಲಿ ಎಟಿಕೆ ತಂಡದೊಡನೆ ಸೇರಿದಾಗ ಹಸಿರು–ಕೆಂಗಂದು ಬಣ್ಣ ಉಳಿಯಿತು. ಹೆಸರಿನ ಮುಂದೆ ಮೂರಕ್ಷರ ಬಂದು ಕೂತಿತು. ಆ ಮೂರಕ್ಷರ ತೆಗೆಯಿರಿ ಎಂದು ಅಭಿಮಾನಿಗಳು ಮೂರು ವರ್ಷ ಹಟ ಹಿಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿದ ಆ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆ ಹೆಸರು ಕೈಬಿಡುವುದಾಗಿ ಘೋಷಿಸಿದರು. ಅದರ ಜಾಗದಲ್ಲಿ ‘ಸೂಪರ್ ಜೈಂಟ್’ ಎಂಬ ಮಾಲೀಕರ ಇನ್ನೊಂದು ಮುದ್ರೆ ಬಂದದ್ದು ಬೇರೆ ಮಾತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಅದರ ನೀಲಿಗೆ ಇನ್ನೂ ಎಳೆಯ ವಯಸ್ಸು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ನಿಂತು ಹಾಡುವ ಗುಂಪು ಆ ನೀಲಿಯನ್ನು ತನ್ನದೆಂದು ಅಪ್ಪಿಕೊಂಡಿದೆ. ನಾಳೆ ಯಾವುದೋ ಮಾರುಕಟ್ಟೆಗಾಗಿ ಅದನ್ನು ಬದಲಾಯಿಸುತ್ತೇವೆಂದರೆ ಆ ಗುಂಪನ್ನು ಕೇಳಬೇಕೆಂಬ ಕಾನೂನು ನಮ್ಮಲ್ಲಿಲ್ಲ. ನಮ್ಮ ಕ್ಲಬ್ಬುಗಳು ಎಳೆಯವಾಗಿರುವಾಗಲೇ ಇಂಥ ರೂಢಿಯನ್ನು ಹುಟ್ಟುಹಾಕುವುದು ಸುಲಭ. ವೈಮನಸ್ಯ ಬೆಳೆದ ಮೇಲೆ ಕಷ್ಟ.

ಮಾಲೀಕರು ಬರುತ್ತಾರೆ, ಮಾರಿ ಹೋಗುತ್ತಾರೆ. ಆಟಗಾರರು ಹೆಚ್ಚಿನ ಸಂಬಳ ಸಿಕ್ಕಲ್ಲಿಗೆ ಹೊರಡುತ್ತಾರೆ. ಅದು ಅವರ ವೃತ್ತಿ. ಸೋತರೂ ಗೆದ್ದರೂ ಕ್ಲಬ್ ಬದಲಾಯಿಸದೆ ಉಳಿಯುವವನು ಅಭಿಮಾನಿ ಒಬ್ಬನೇ. ಅಂಗಿಯ ಕಾಲರಿನ ಬಗ್ಗೆ ಅವನು ತಗಾದೆ ತೆಗೆದಾಗ ಕೆಲವೊಮ್ಮೆ ಅದು ಬರೀ ಕಾಲರಿನ ಮಾತೇ ಇರಬಹುದು. ಹಾಗಿದ್ದರೂ ಕಿವಿಗೊಟ್ಟು ಕೇಳುವುದರಿಂದ ಮಾಲೀಕನಿಗೆ ಆಗುವ ನಷ್ಟ ಅಷ್ಟರಲ್ಲೇ ಇದೆ. ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಕಾರ್ಡಿಫ್‌ನ ಖಾಲಿ ಕುರ್ಚಿಗಳು ತೋರಿಸಿಕೊಟ್ಟಿವೆ.