ಅರೆಸೇನಾ ಪಡೆ: ಎಷ್ಟು ಅನ್ನೋ ಮೊದಲು ಯಾರು ಅಂತ ಕೇಳಿ

ಶೋಳಿಂಗನಲ್ಲೂರಿನಲ್ಲಿ ಸಂಜೆ ನನ್ನ ಹತ್ತಿರ ಓದಲು ಬರುವ ಹುಡುಗನೊಬ್ಬ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. ಮೊನ್ನೆ ಎರಡು ಜಿ.ಕೆ. ಗೈಡು ತಂದು ಮುಂದಿಟ್ಟ. "ಸರ್, ಜಗತ್ತಿನಲ್ಲೇ ದೊಡ್ಡ ಅರೆಸೇನಾ ಪಡೆ ಯಾವ ದೇಶದ್ದು? ಇದರಲ್ಲಿ ಭಾರತ ಅಂತಿದೆ, ಅದರಲ್ಲಿ ಬಾಂಗ್ಲಾದೇಶ ಅಂತಿದೆ. ಯಾವುದು ಸರಿ?" ಎರಡೂ ಸರಿ ಅಂದೆ. ಅವನಿಗೆ ಸಿಟ್ಟೇ ಬಂತು. ನಿಮಗೂ ಬರಬಹುದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೊಂದಲ ಹೆಸರಿನಲ್ಲೇ ಇದೆ. ಕನ್ನಡದಲ್ಲಿ 'ಅರೆಸೇನೆ', ನಮ್ಮ ಉರ್ದುವಿನಲ್ಲಿ 'ನೀಮ್ ಫೌಜಿ'. ಎರಡೂ ಅರ್ಧ ಸೈನ್ಯ ಅಂತಲೇ ಹೇಳುತ್ತವೆ. ಇನ್ನರ್ಧ ಏನು ಅಂತ ಎರಡೂ ಹೇಳುವುದಿಲ್ಲ. ಇಲ್ಲಿನ ತಮಿಳರು 'ತುಣೈ ರಾಣುವಂ' ಅನ್ನುತ್ತಾರೆ, ಅಂದರೆ ಸೈನ್ಯಕ್ಕೆ ಜೊತೆಯಾಗಿ ನಿಲ್ಲುವ ಪಡೆ. ನನಗೆ ಇದು ಹೆಚ್ಚು ಹಿಡಿಸುತ್ತದೆ. ಆದರೆ ಸರ್ಕಾರಕ್ಕೆ ಈ ಯಾವ ಹೆಸರೂ ಬೇಡ. 2011ರಿಂದ ಸಿ.ಆರ್.ಪಿ.ಎಫ್., ಬಿ.ಎಸ್.ಎಫ್., ಸಿ.ಐ.ಎಸ್.ಎಫ್., ಐ.ಟಿ.ಬಿ.ಪಿ., ಎಸ್.ಎಸ್.ಬಿ. ಇವನ್ನೆಲ್ಲ 'ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು' ಎಂದೇ ಕರೆಯಬೇಕೆಂದು ಗೃಹ ಸಚಿವಾಲಯ ಹೇಳಿದೆ. ಅಸ್ಸಾಂ ರೈಫಲ್ಸ್ ಮಾತ್ರ ಬೇರೆ ಥರ: ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹುಕುಂ ಸೈನ್ಯದ್ದು.

ಈಗ ಲೆಕ್ಕಕ್ಕೆ ಬನ್ನಿ. ಗೃಹ ಸಚಿವಾಲಯದ ಈ ಪಡೆಗಳನ್ನೆಲ್ಲ ಕೂಡಿಸಿದರೆ ಸುಮಾರು 10 ಲಕ್ಷ. ಅದರಲ್ಲಿ ಸಿ.ಆರ್.ಪಿ.ಎಫ್. ಒಂದೇ 3 ಲಕ್ಷ ದಾಟುತ್ತದೆ. ಆದರೆ ಲಂಡನ್ನಿನ ಐ.ಐ.ಎಸ್.ಎಸ್. ಸಂಸ್ಥೆ ಪ್ರತಿವರ್ಷ ತರುವ 'ದಿ ಮಿಲಿಟರಿ ಬ್ಯಾಲೆನ್ಸ್' ಪುಸ್ತಕದಲ್ಲಿ ಭಾರತದ ಎದುರಿಗೆ ಸುಮಾರು 16 ಲಕ್ಷ ಅಂತಿರುತ್ತದೆ. ಮಿಕ್ಕ 6 ಲಕ್ಷ ಎಲ್ಲಿಂದ ಬಂತು? ಅವರು ರಾಜ್ಯಗಳ ಸಶಸ್ತ್ರ ಪೊಲೀಸರನ್ನೇ ನಾಲ್ಕೂವರೆ ಲಕ್ಷ ಎಂದು ಹಿಡಿದು ಸೇರಿಸುತ್ತಾರೆ, ರೈಲ್ವೆ ರಕ್ಷಣಾ ಪಡೆಯನ್ನೂ ಸೇರಿಸುತ್ತಾರೆ. ಅಂದರೆ ನಮ್ಮ ಕೆ.ಎಸ್.ಆರ್.ಪಿ.ಯವರು ದಿಲ್ಲಿಯ ಲೆಕ್ಕದಲ್ಲಿ ಇಲ್ಲ, ಲಂಡನ್ನಿನ ಲೆಕ್ಕದಲ್ಲಿ ಇದ್ದಾರೆ.

ಇದು ಬರೀ ಕೂಡು-ಕಳೆ ವಿಷಯ ಅಂದುಕೊಳ್ಳಬೇಡಿ. 1987ರ ಮೇ 22ರಂದು ಮೀರತ್‌ನ ಹಾಶಿಂಪುರದಿಂದ ಮುಸ್ಲಿಂ ಗಂಡಸರನ್ನು ಟ್ರಕ್‌ನಲ್ಲಿ ಹೊತ್ತೊಯ್ದು ಕೊಂದವರು ಪಿ.ಎ.ಸಿ.ಯವರು. ಅದು ಉತ್ತರ ಪ್ರದೇಶ ಸರ್ಕಾರದ ಕೈಕೆಳಗಿನ ಪಡೆ, ಕೇಂದ್ರದ್ದಲ್ಲ. 16 ಮಂದಿಗೆ ದಿಲ್ಲಿ ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟದ್ದು 2018ರಲ್ಲಿ, 31 ವರ್ಷದ ಮೇಲೆ. 'ಅರೆಸೇನೆಯವರು' ಎಂಬ ಒಂದೇ ಮಾತಿನಲ್ಲಿ ಎಲ್ಲರನ್ನೂ ಸೇರಿಸಿಬಿಟ್ಟರೆ ಹುಕುಂ ಯಾರದ್ದು, ಜವಾಬು ಯಾರು ಕೊಡಬೇಕು ಅನ್ನೋದೇ ಮರೆಯಾಗುತ್ತದೆ.

ಬಾಂಗ್ಲಾದೇಶಕ್ಕೆ ಬರೋಣ. ಅಲ್ಲಿ 1948ರಲ್ಲಿ ಶುರುವಾದ ಅನ್ಸಾರ್ ಎಂಬ ಪಡೆ ಇದೆ. ಹೆಸರು ಕೇಳಿದರೆ ನಮಗೆ ಮದೀನಾ ನೆನಪಾಗುತ್ತದೆ, ಅರ್ಥವೂ ಅದೇ, ಸಹಾಯಕರು. ಅದರ ಜೊತೆ ಗ್ರಾಮ ರಕ್ಷಣಾ ದಳವನ್ನೂ ಸೇರಿಸಿದರೆ ಸುಮಾರು 60 ಲಕ್ಷ ಆಗುತ್ತದೆ. ಇವರಲ್ಲಿ ಹೆಚ್ಚಿನವರು ಹಳ್ಳಿಯ ಸ್ವಯಂಸೇವಕರು. ಚುನಾವಣೆ ಬಂದಾಗ ಮತಗಟ್ಟೆಯಲ್ಲಿ ನಿಲ್ಲುತ್ತಾರೆ, ದುರ್ಗಾಪೂಜೆಗೆ ಕಾವಲಿರುತ್ತಾರೆ, ಆಮೇಲೆ ಗದ್ದೆಗೆ ಹೋಗುತ್ತಾರೆ. ಇವರನ್ನು ಹಿಡಿದರೆ ಬಾಂಗ್ಲಾದೇಶ ಮೊದಲು, ಪೂರ್ಣಾವಧಿ ಸಂಬಳದವರು ಮಾತ್ರ ಎಂದರೆ ಭಾರತ ಮೊದಲು. ಎರಡು ಗೈಡುಗಳ ಜಗಳ ಇಷ್ಟೇ.

ಇನ್ನೂ ಒಂದು ತೊಡಕು ನಮ್ಮ ಬೀದಿಯಲ್ಲೇ ಇದೆ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿದಾಗ ಕಿತ್ತಳೆ ಬಣ್ಣದ ಉಡುಪಿನ ಎನ್.ಡಿ.ಆರ್.ಎಫ್.ನವರು ದೋಣಿಯಲ್ಲಿ ಜನರನ್ನು ಸಾಗಿಸಿದ್ದು ಈ ಕಡೆಯವರು ಯಾರೂ ಮರೆತಿಲ್ಲ. ಅವರ 4ನೇ ಬೆಟಾಲಿಯನ್ ಇರುವುದು ಅರಕ್ಕೋಣಂನಲ್ಲಿ, ಅದಕ್ಕೆ ಜನ ಬರುವುದು ಸಿ.ಐ.ಎಸ್.ಎಫ್.ನಿಂದ. ಏರ್‌ಪೋರ್ಟಿನ ಬಾಗಿಲಲ್ಲಿ ನಿಮ್ಮ ಟಿಕೆಟ್ ನೋಡುತ್ತಾರಲ್ಲ, ಅದೇ ಪಡೆ. ಎರಡನ್ನೂ ಬೇರೆ ಬೇರೆ ಎಣಿಸಿ ಕೂಡಿಸಿದರೆ ಒಬ್ಬನೇ ಮನುಷ್ಯ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ. ಮಂಜೂರಾದ ಹುದ್ದೆಯೇ ಬೇರೆ, ನಿಜವಾಗಿ ಇರುವವರೇ ಬೇರೆ ಅನ್ನೋದೂ ನೆನಪಿರಲಿ. 2024ರಲ್ಲಿ ಸರ್ಕಾರವೇ ಸಂಸತ್ತಿನಲ್ಲಿ ಸುಮಾರು 1 ಲಕ್ಷ ಹುದ್ದೆ ಖಾಲಿ ಇವೆ ಎಂದು ಹೇಳಿತ್ತು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಭಾಗಾಕಾರ. ಭಾರತದ 10 ಲಕ್ಷವನ್ನು 140 ಕೋಟಿಗೆ ಹಂಚಿದರೆ 1,400 ಜನಕ್ಕೆ ಒಬ್ಬ ಜವಾನ. ಚೀನಾದ ಸಶಸ್ತ್ರ ಪೊಲೀಸ್ ಪಡೆ ಸುಮಾರು 5 ಲಕ್ಷ, ಅಲ್ಲಿ 2,800 ಜನಕ್ಕೆ ಒಬ್ಬ. ಫ್ರಾನ್ಸಿನ ಜಾಂದಾರ್ಮೆರಿ ಬರೀ 1 ಲಕ್ಷ, ಆದರೆ ಜನಸಂಖ್ಯೆ 7 ಕೋಟಿಯೂ ಇಲ್ಲ. ಅಲ್ಲಿ 700ಕ್ಕಿಂತ ಕಡಿಮೆ ಜನಕ್ಕೆ ಒಬ್ಬ! ಪಟ್ಟಿಯೇ ತಲೆಕೆಳಗಾಯಿತಲ್ಲ? ಇಷ್ಟಕ್ಕೇ ಫ್ರಾನ್ಸಿನಲ್ಲಿ ಬಂದೂಕಿನ ರಾಜ್ಯ ಅನ್ನಬೇಡಿ. ಅಲ್ಲಿ ಹಳ್ಳಿಯ ಕಳ್ಳತನದ ದೂರು ತೆಗೆದುಕೊಳ್ಳುವವರೂ ಜಾಂದಾರ್ಮೆರಿಯವರೇ, ನಮ್ಮಲ್ಲಿ ಪೊಲೀಸ್ ಠಾಣೆ ಮಾಡುವ ಕೆಲಸ. ಚೀನಾದ ಪಡೆ 2018ರಿಂದ ಪೂರ್ತಿಯಾಗಿ ಕೇಂದ್ರ ಮಿಲಿಟರಿ ಆಯೋಗದ ಕೈಕೆಳಗಿದೆ, ನಾಗರಿಕ ಸರ್ಕಾರದ ಕೈಯಲ್ಲಿಲ್ಲ. ನನ್ನ ಕೇಳಿದರೆ ಸಂಖ್ಯೆಗಿಂತ ಈ ವ್ಯತ್ಯಾಸವೇ ದೊಡ್ಡದು.

ನಮ್ಮ ಸಮುದಾಯದ ಮಟ್ಟಿಗೆ ಇನ್ನೊಂದು ಅಂಕಿ ಇದೆ. ಭದ್ರತಾ ಪಡೆಗಳಲ್ಲಿ ಮುಸ್ಲಿಮರ ಪಾಲು ಶೇ. 3.2ರಷ್ಟು ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಆಗಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ. 13.4. ಇದಕ್ಕೆ ಕಾರಣ ಹಲವು, ಭಾಷೆಯೂ ಒಂದು ಅಂತ ಮೇಷ್ಟ್ರಾಗಿ ನಾನು ನಂಬುತ್ತೇನೆ. ಈ ಪಡೆಗಳ ಕಾನ್ಸ್‌ಟೇಬಲ್ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. 2024ರಿಂದ ಇನ್ನೂ 13 ಭಾಷೆಗಳಲ್ಲಿ ಬರೆಯಬಹುದು, ಅವುಗಳಲ್ಲಿ ಕನ್ನಡ, ಉರ್ದು, ತಮಿಳು ಮೂರೂ ಇವೆ. ಹತ್ತನೇ ತರಗತಿ ಪಾಸಾಗಿರಬೇಕು. ಗಂಡುಮಕ್ಕಳು 24 ನಿಮಿಷದಲ್ಲಿ 5 ಕಿ.ಮೀ. ಓಡಬೇಕು, ಹೆಣ್ಣುಮಕ್ಕಳು ಎಂಟೂವರೆ ನಿಮಿಷದಲ್ಲಿ 1.6 ಕಿ.ಮೀ.

ನನ್ನ ಹುಡುಗನ ಮನೆಮಾತು ಉರ್ದು, ಕೋಲಾರದಲ್ಲಿ ಹತ್ತನೇವರೆಗೆ ಓದಿದ್ದು ಕನ್ನಡ ಮೀಡಿಯಂ, ಈಗಿರುವುದು ಇಲ್ಲಿ. ಅರ್ಜಿಯ ಭಾಷೆಯ ಕಾಲಂ ಬಂದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಕನ್ನಡಕ್ಕೆ ಟಿಕ್ ಹಾಕಿ, "ಸರ್, ಆ ಪ್ರಶ್ನೆ ಬಂದರೆ ಏನು ಬರೀಲಿ?" ಅಂದ. ಆಯ್ಕೆಗಳನ್ನು ಮೊದಲು ಪೂರ್ತಿ ಓದಪ್ಪ ಅಂದೆ.