ಮಣ್ಣು ಆರೋಗ್ಯ ಚೀಟಿ: ವೈಜ್ಞಾನಿಕ ಮತ್ತು ಆರ್ಥಿಕ ಹಿನ್ನೆಲೆ

ಪೀಠಿಕೆ

ಮಣ್ಣಿನಲ್ಲಿ ಯಾವ ಪೋಷಕಾಂಶದ ಕೊರತೆಯು ಅತಿ ಹೆಚ್ಚಾಗಿದೆಯೋ ಅದೇ ಬೆಳೆಯ ಇಳುವರಿಯನ್ನು ಮಿತಗೊಳಿಸುತ್ತದೆ ಎಂಬ ತತ್ವವನ್ನು 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿಗಳಾದ ಕಾರ್ಲ್ ಸ್ಪ್ರೆಂಗೆಲ್ ಮತ್ತು ಯುಸ್ಟಸ್ ಫಾನ್ ಲೀಬಿಗ್ ಪ್ರತಿಪಾದಿಸಿದರು. ಸತುವಿನ ಕೊರತೆಯಿರುವ ಹೊಲಕ್ಕೆ ಎಷ್ಟೇ ಯೂರಿಯಾ ನೀಡಿದರೂ ಆ ಕೊರತೆ ನೀಗದು. ರೈತರ ಹಣ ಮಾತ್ರ ವ್ಯಯವಾಗುತ್ತದೆ.

ಆರ್ಥಿಕ ಅಂಶ

2010ರ ಏಪ್ರಿಲ್ 1ರಿಂದ ರಂಜಕ ಹಾಗೂ ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿಯು ಜಾರಿಗೆ ಬಂದಿತು. ಯೂರಿಯಾವು ಇದರ ವ್ಯಾಪ್ತಿಯಿಂದ ಹೊರಗುಳಿದು, ಅದರ ಮಾರಾಟ ಬೆಲೆಯನ್ನು ಸರ್ಕಾರವೇ ನಿಗದಿಪಡಿಸುತ್ತಿದೆ. ಅಗ್ಗವಾಗಿ ದೊರೆಯುವ ಗೊಬ್ಬರದ ಬಳಕೆಯು ಅಗತ್ಯ ಮೀರಿ ಹೆಚ್ಚುವುದನ್ನು ಅರ್ಥಶಾಸ್ತ್ರಜ್ಞರು ಗುರುತಿಸಿದ್ದಾರೆ. ಗೊಬ್ಬರದ ಬೆಲೆಯು ಹೊಲದ ನೈಜ ಅಗತ್ಯವನ್ನು ತಿಳಿಸದಿರುವಲ್ಲಿ, ಮಣ್ಣು ಪರೀಕ್ಷೆಯೇ ಆ ಮಾಹಿತಿಯನ್ನು ಒದಗಿಸಬೇಕಾಗುತ್ತದೆ.

ಸಂಶೋಧನೆಯಿಂದ ಯೋಜನೆಗೆ

ರಾಜ್ಯದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ತಾಂತ್ರಿಕ ಸಹಯೋಗದೊಂದಿಗೆ ಭೂಚೇತನ ಕಾರ್ಯಕ್ರಮವನ್ನು ಆರಂಭಿಸಲಾಯಿತು. ಮಳೆಯಾಶ್ರಿತ ಜಮೀನುಗಳ ಮಣ್ಣಿನ ವಿಶ್ಲೇಷಣೆಯಲ್ಲಿ ಗಂಧಕ, ಸತು ಮತ್ತು ಬೋರಾನ್‌ಗಳ ಕೊರತೆಯು ವ್ಯಾಪಕವಾಗಿ ಕಂಡುಬಂದಿತು. ಅದರನ್ವಯ ಜಿಪ್ಸಂ, ಜಿಂಕ್ ಸಲ್ಫೇಟ್ ಮುಂತಾದವುಗಳನ್ನು ರೈತ ಸಂಪರ್ಕ ಕೇಂದ್ರಗಳ ಮೂಲಕ ರಿಯಾಯಿತಿ ದರದಲ್ಲಿ ವಿತರಿಸಲಾಯಿತು. 2015ರ ಫೆಬ್ರವರಿ 19ರಂದು ಕೇಂದ್ರ ಸರ್ಕಾರವು ರಾಜಸ್ಥಾನದ ಸೂರತ್‌ಗಢದಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆಗೆ ಚಾಲನೆ ನೀಡಿತು.

ಚೀಟಿಯಲ್ಲಿರುವ ವಿವರಗಳು

ಚೀಟಿಯು 12 ಅಂಶಗಳನ್ನು ಒಳಗೊಂಡಿರುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ ಹಾಗೂ ಸಾವಯವ ಇಂಗಾಲ.

ಯೋಜನೆಯ ಆರಂಭದ ಮಾರ್ಗಸೂಚಿಯನ್ವಯ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರ್‌ಗೆ ಹಾಗೂ ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರ್‌ಗೆ ಒಂದರಂತೆ ಮಾದರಿ ಸಂಗ್ರಹಿಸಲಾಗಿತ್ತು. ಆದ್ದರಿಂದ ಹಳೆಯ ಚೀಟಿಯ ಫಲಿತಾಂಶವು ನೆರೆಯ ಜಮೀನಿನ ಮಣ್ಣನ್ನು ಆಧರಿಸಿರಬಹುದು. ಅಂತಹ ರೈತರು ತಮ್ಮ ಹೊಲದ ಮಣ್ಣನ್ನು ಪ್ರತ್ಯೇಕವಾಗಿ ಪರೀಕ್ಷೆಗೆ ಒಳಪಡಿಸುವುದು ಸೂಕ್ತ.

ಮಾದರಿ ಸಂಗ್ರಹಿಸುವ ವಿಧಾನ

1. ಬಿತ್ತನೆಗೆ ಮುನ್ನ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯತಕ್ಕದ್ದು.
2. ಬದು, ಮರದ ಬುಡ ಹಾಗೂ ಗೊಬ್ಬರದ ಗುಂಡಿಯ ಸಮೀಪದ ಮಣ್ಣನ್ನು ತೆಗೆಯಬಾರದು.
3. ಹೊಲದ 8ರಿಂದ 10 ಕಡೆ ಸುಮಾರು 15 ಸೆಂ.ಮೀ. ಆಳದವರೆಗೆ ಗುಂಡಿ ತೆಗೆದು, ಅದರ ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು ಸಂಗ್ರಹಿಸಬೇಕು.
4. ಮಣ್ಣನ್ನು ಚೆನ್ನಾಗಿ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಸುಮಾರು ಅರ್ಧ ಕಿಲೋ ಮಣ್ಣನ್ನು ಶುಚಿಯಾದ ಚೀಲದಲ್ಲಿ ತುಂಬಬೇಕು.
5. ರೈತರ ಹೆಸರು, ಗ್ರಾಮ, ಸರ್ವೆ ನಂಬರ್ ಹಾಗೂ ಬೆಳೆಯ ವಿವರಗಳನ್ನು ಬರೆದ ಚೀಟಿಯನ್ನು ಲಗತ್ತಿಸಬೇಕು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿ, ರೈತ ಬಾಂಧವರು ಸದರಿ ಸೌಲಭ್ಯದ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.