ಲಕ್ಕಸಂದ್ರದಿಂದ ಊರೂರಿಗೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಡೇರಿ ಸರ್ಕಲ್ಲಿನ ಹತ್ತಿರ, ಬೆಳ್ಳಂಬೆಳಗ್ಗೆ ಬಸ್ಸಿನಿಂದ ಇಳಿಯುವವರನ್ನು ನೋಡಬೇಕು. ಕೈಯಲ್ಲೊಂದು ಚೀಲ, ಅದರೊಳಗೆ ಮಡಚಿ ಮಡಚಿ ಸವೆದ ಚೀಟಿಗಳು, ಸ್ಕ್ಯಾನಿಂಗ್ ಫಿಲಂ, ಬುತ್ತಿಗಂಟು. ರಾಯಚೂರಿನ ಕಡೆಯಿಂದ ರಾತ್ರಿಯೇ ಹೊರಟವರು, ಚಾಮರಾಜನಗರದವರು, ಗಡಿಯಾಚೆಯ ಅನಂತಪುರ, ಕೃಷ್ಣಗಿರಿಯವರು. ರೋಗಿ ಒಬ್ಬರಾದರೆ ಜೊತೆಗೆ ಇಬ್ಬರು. ಇವರಲ್ಲಿ ಎಷ್ಟೋ ಜನ ಇಲ್ಲಿಗೆ ಬರುವ ಮೊದಲು ತಾಯತ ಕಟ್ಟಿಸಿ, ಹರಕೆ ಹೊತ್ತು, ಮಂತ್ರವಾದಿಗಳ ಮನೆ ಬಾಗಿಲು ಸುತ್ತಿ ಬಂದವರು. ಅವರನ್ನು ನಾನು ದೂರಲಾರೆ. ಊರಿನಲ್ಲಿ ಅವರಿಗೆ ಇದ್ದ ದಾರಿ ಅದೊಂದೇ.

ಅವರೆಲ್ಲ ಹೋಗಿ ಸೇರುವುದು ನಿಮ್ಹಾನ್ಸ್ ಎಂಬ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ. ಜನರಿಗೆ ಅದು ಆಸ್ಪತ್ರೆ. 1994ರಿಂದ ಅದು ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ವಿದ್ಯಾಸಂಸ್ಥೆಯೂ ಹೌದು. 2012ರ ಕಾಯ್ದೆ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಸಾಲಿಗೆ ಸೇರಿಸಿತು. ಮನಸ್ಸು ಮತ್ತು ಮೆದುಳಿನ ಕಾಯಿಲೆಗಳ ಬಗ್ಗೆ ಇಲ್ಲಿ ಕಲಿತವರು ಇಂದು ದೇಶದ ಮೂಲೆಮೂಲೆಯ ಆಸ್ಪತ್ರೆಗಳಲ್ಲಿದ್ದಾರೆ.

ಬೇರು ಹುಡುಕಿದರೆ 1847ರ ಸುಮಾರಿಗೆ ಹೋಗಬೇಕು. ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಕಾಲ ಅದು. ಬೆಂಗಳೂರು ಪೇಟೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿಲ್ಲದವರಿಗಾಗಿ ಒಂದು ಆಶ್ರಯ ತೆರೆದರು. ಊರವರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ ಆಯಿತು. 1925ರಲ್ಲಿ ಹೆಸರು ಬದಲಾಗಿ ಮಾನಸಿಕ ಆಸ್ಪತ್ರೆಯಾಯಿತು. ಡಾ. ಫ್ರಾಂಕ್ ನೊರೊನ್ಹ ಅದರ ಮೇಲ್ವಿಚಾರಕರಾಗಿದ್ದರು. ಪೇಟೆಯ ಇಕ್ಕಟ್ಟಿನಲ್ಲಿ ರೋಗಿಗಳನ್ನು ಕೂಡಿಹಾಕಿದರೆ ಗುಣವಾಗುವುದಿಲ್ಲ ಎಂಬ ತಿಳಿವಳಿಕೆ ಆಗ ಬಲಿಯುತ್ತಿತ್ತು. 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಆಸ್ಪತ್ರೆ ಲಕ್ಕಸಂದ್ರದ ವಿಶಾಲ ಬಯಲಿಗೆ ಬಂತು. ಗಾಳಿ, ಬೆಳಕು, ಮರಗಳು. ಅಂದಿನ ಕಲ್ಲುಕಟ್ಟಡ ಇಂದಿಗೂ ಆವರಣದಲ್ಲಿದೆ.

ನೊರೊನ್ಹ ಅವರ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಆಸ್ಪತ್ರೆಯನ್ನು ಪಾಠಶಾಲೆಯಾಗಿ ಬೆಳೆಸಲು ದುಡಿದವರು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ರಾಜ್ಯದ ಆಸ್ಪತ್ರೆ, ಕೇಂದ್ರದ ಶಿಕ್ಷಣ ಸಂಸ್ಥೆ ಎರಡನ್ನೂ ಒಂದುಗೂಡಿಸಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಕಟ್ಟಿದರು. ಮೊದಲ ನಿರ್ದೇಶಕ ಡಾ. ಆರ್.ಎಂ. ವರ್ಮ ನರಶಸ್ತ್ರಚಿಕಿತ್ಸಕರು. ಮನಸ್ಸಿನ ವೈದ್ಯರೂ ಮೆದುಳಿನ ವೈದ್ಯರೂ ಒಂದೇ ಸೂರಿನಡಿ ಕೂತು ಒಬ್ಬನೇ ರೋಗಿಯನ್ನು ನೋಡುವ ಪದ್ಧತಿ ಇಲ್ಲಿ ಬೇರೂರಿತು. ಹಲವು ವಾರ್ಡುಗಳಲ್ಲಿ ರೋಗಿಯ ಜೊತೆ ಮನೆಯವರೂ ಉಳಿಯುತ್ತಾರೆ. ಮಾತ್ರೆ ಯಾವಾಗ ಕೊಡಬೇಕು, ರೋಗ ಮರುಕಳಿಸುವ ಸೂಚನೆ ಯಾವುದು ಎಂಬುದನ್ನು ಅವರೂ ಅಲ್ಲೇ ಕಲಿಯುತ್ತಾರೆ. ನಮ್ಮ ನೆಲಕ್ಕೆ ಹೊಂದುವ ವೈದ್ಯ ಇದೇ ಎಂದು ನನ್ನ ನಂಬಿಕೆ. ಊರಿಗೆ ಮರಳಿದ ಮೇಲೆ ಆ ರೋಗಿಯನ್ನು ಕಾಯುವವರು ತಾಯಿ, ಅಣ್ಣ, ಹೆಂಡತಿಯೇ ಅಲ್ಲವೇ?

ಊರ ಬದುಕಿನಿಂದ ಇಲ್ಲಿನ ವೈದ್ಯರೂ ಕಲಿತಿದ್ದಾರೆ. ಹಳೇ ಮೈಸೂರು ಕಡೆ ಹಂಡೆಯ ಬಿಸಿಬಿಸಿ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಗೆ ಎರೆದುಕೊಳ್ಳುವುದು ರೂಢಿ. ಕೆಲವರಿಗೆ, ಅದರಲ್ಲೂ ಮಕ್ಕಳಿಗೆ, ನೀರು ತಲೆಯ ಮೇಲೆ ಬಿದ್ದೊಡನೆ ಫಿಟ್ಸ್ ಬರುತ್ತದೆ. ಮನೆಯವರ ಪಾಲಿಗೆ ಅದು ಬಚ್ಚಲಲ್ಲಿ ಆದ ಗಾಳಿಸೋಕು. ಡಾ. ಕೆ.ಎಸ್. ಮಣಿ, ಅವರ ನಂತರ ಡಾ. ಪಿ. ಸತೀಶ್‌ಚಂದ್ರ ಮೊದಲಾದವರು ಇದನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ‘ಬಿಸಿನೀರಿನ ಅಪಸ್ಮಾರ’ ದಕ್ಷಿಣ ಕರ್ನಾಟಕದಲ್ಲಿ ಇಷ್ಟೊಂದು ಕಾಣಿಸುತ್ತದೆಂದು ಜಗತ್ತಿಗೆ ತಿಳಿದದ್ದು ಇಂಥ ಕೆಲಸದಿಂದ. ಪರಿಹಾರವೂ ಅಷ್ಟೇ ಮನೆಮಟ್ಟದ್ದು: ಉಗುರುಬೆಚ್ಚಗಿನ ನೀರು ಸಾಕು, ತಲೆಗೆ ಒಂದೇ ಸಲಕ್ಕೆ ಸುರಿಯಬೇಡಿ. ಬೇಕಾದವರಿಗೆ ಮಾತ್ರ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ.

ನಿಮ್ಹಾನ್ಸಿನ ಅತಿ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ಅಲ್ಲಿನ ಯಂತ್ರಗಳನ್ನಾಗಲಿ, ಶಸ್ತ್ರಚಿಕಿತ್ಸೆಗಳನ್ನಾಗಲಿ ನಾನು ಹೆಸರಿಸುವುದಿಲ್ಲ. ಬಳ್ಳಾರಿಯ ಹೆಸರು ಹೇಳುತ್ತೇನೆ. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತಕ್ಕಷ್ಟು ತರಬೇತಿ ಕೊಟ್ಟರೆ ಸ್ಕಿಜೋಫ್ರೇನಿಯಾ, ಖಿನ್ನತೆ, ಅಪಸ್ಮಾರಗಳನ್ನು ಅವರೇ ಗುರುತಿಸಿ ಔಷಧ ಕೊಡಬಲ್ಲರು ಎಂಬುದು ಅಲ್ಲಿ ಕಂಡುಕೊಂಡ ಸತ್ಯ. 1980ರ ದಶಕದಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದರು. ಮಾದರಿ ನಿಂತಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಇಂದು ಆ ಕಾರ್ಯಕ್ರಮಕ್ಕೆ ದೇಶದ 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿ ಮಂಜೂರಾತಿ ಇದೆ. ಇಲ್ಲೇ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಇದೇ ಅರಿವನ್ನು ನೂರಾರು ಕನ್ನಡ ಪುಸ್ತಕಗಳ ಮೂಲಕ ಮನೆಮನೆಗೆ ಮುಟ್ಟಿಸಿದರು.

ಆದರೂ ಆಗಬೇಕಾದ ಕೆಲಸದ ಗಾತ್ರ ಹೆದರಿಸುವಂಥದು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಯಾವುದೆಂಬುದರ ಮೇಲೆ ಹೆಚ್ಚುಕಡಿಮೆಯಾದರೂ, ಅವರಲ್ಲಿ ಶೇ 70ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕಾಯಿಲೆಗೆ ಔಷಧ ಇದ್ದೂ ರೋಗಿಗೆ ಅದು ಸಿಗದಿರುವುದು ನಾವು ಸಹಿಸಿಕೊಳ್ಳಬಾರದ ಅನ್ಯಾಯ.

ಮುಂದಿನ ದಾರಿಯೂ ಬಳ್ಳಾರಿಯ ದಾರಿಯ ಮುಂದುವರಿಕೆಯೇ. ರಾಜ್ಯ ಸರ್ಕಾರದ ಜೊತೆ ಸೇರಿ ಕೈಗೊಂಡ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಲಕ್ವ, ಅಪಸ್ಮಾರ, ತಲೆನೋವು, ಮರೆವಿನ ಕಾಯಿಲೆಗಳನ್ನು ಜಿಲ್ಲಾ ಆಸ್ಪತ್ರೆಯಲ್ಲೇ ನೋಡುವ ಕ್ಲಿನಿಕ್ಕುಗಳು ಬಂದಿವೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆಗೆ ನಿಮ್ಹಾನ್ಸೇ ಮುಖ್ಯ ಕೇಂದ್ರ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ನೆಲ್ಸನ್ ಮಂಡೇಲಾ ಪ್ರಶಸ್ತಿಯನ್ನು ಈ ಸಂಸ್ಥೆಗೆ ಕೊಟ್ಟಿತು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು, ಆಪ್ತಸಮಾಲೋಚಕರು ಇರಬೇಕು, ಮಾತ್ರೆಗಳು ತಿಂಗಳು ತಪ್ಪದೆ ಸಿಗಬೇಕು. ಇದನ್ನು ನಿಮ್ಮ ಶಾಸಕರ ಬಳಿ ಕೇಳಿ. ರಸ್ತೆ, ನೀರು ಕೇಳಿದಷ್ಟೇ ಗಟ್ಟಿಯಾಗಿ ಕೇಳಿ. ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತು ಬಿಟ್ಟು, ಬದುಕೇ ಬೇಡವೆಂದು ಕೂತಿದ್ದರೆ ಇವತ್ತೇ ಫೋನ್ ಮಾಡಿ. ಟೆಲಿ ಮಾನಸ್ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ ಮಾತಾಡುವವರಿದ್ದಾರೆ, ಹಣ ಕೊಡಬೇಕಾಗಿಲ್ಲ.